ಜಪಾನೀಸಲ್ಲಿ ನಯವಾಗಿ ಮಾತಾಡಬೇಕಾ? ಕನ್ನಡದಿಂದ ಹೋಗಿ, ಇಂಗ್ಲಿಷಿನಿಂದ ಬೇಡ

ಮನೆಗೆ ಬಂದ ಹಿರಿಯರಿಗೆ ಕಾಫಿ ಕೊಡಬೇಕು. ನಾವು "ಕಾಫಿ ಕುಡೀಬೇಕಾ?" ಅಂತ ಕೇಳುವುದಿಲ್ಲ. "ಕಾಫಿ ಕುಡೀತೀರಾ?" ಅಂತೀವಿ, ಇಲ್ಲವೇ "ಕಾಫಿ ತಗೊಳ್ಳಿ" ಅಂತ ಲೋಟ ಮುಂದಿಡುತ್ತೇವೆ. ಜಪಾನೀಸಲ್ಲೂ ಹಾಗೇ. "ಕೋಹೀ ನೊಮಿಮಾಸ್ ಕಾ" ಅಂದರೆ ಕುಡೀತೀರಾ. "ಕೋಹೀ ನೊಮಿತಾಯ್ ದೆಸ್ ಕಾ" ಅಂದರೆ ಕುಡೀಬೇಕು ಅನ್ನಿಸ್ತಿದೆಯಾ. ಎರಡನೆಯದರಲ್ಲಿ ವ್ಯಾಕರಣದ ತಪ್ಪು ಒಂದೂ ಇಲ್ಲ. ಕೊನೆಗೆ ಮರ್ಯಾದೆಯ "ದೆಸ್" ಕೂಡ ಇದೆ. ಆದರೂ ಮೇಷ್ಟ್ರಿಗೋ ಮ್ಯಾನೇಜರಿಗೋ ಹಾಗೆ ಕೇಳಿದರೆ ಒರಟಾಗಿ ಕೇಳಿಸುತ್ತದೆ, ದೊಡ್ಡವರ ಆಸೆಯನ್ನು ನೇರವಾಗಿ ಕೆದಕಿ ಕೇಳಿದ ಹಾಗಾಗುತ್ತದೆ. ಕನ್ನಡದಲ್ಲಿ ಈ ತಪ್ಪನ್ನು ಎಂದೂ ಮಾಡದವರು ಜಪಾನೀಸಲ್ಲಿ ಮಾಡುತ್ತಾರೆ. ಯಾಕೆಂದರೆ ಇಂಗ್ಲಿಷಿನ "ವುಡ್ ಯು ಲೈಕ್" ಅನ್ನು ತಲೆಯಲ್ಲಿಟ್ಟುಕೊಂಡು, ಅದಕ್ಕೆ ಜಪಾನೀಸ್ ಏನು ಅಂತ ಹುಡುಕುತ್ತಾರೆ.

ನಮ್ಮಲ್ಲಿ ಸಿಗುವ ಪುಸ್ತಕ, ಆಪ್, ವಿಡಿಯೋ ಎಲ್ಲ ಹೆಚ್ಚಾಗಿ ಇಂಗ್ಲಿಷಿನಲ್ಲೇ ಇವೆ. ಹಾಗಾಗಿ ನಾವು ಜಪಾನೀಸನ್ನೂ ಇಂಗ್ಲಿಷಿನ ಕಣ್ಣಲ್ಲೇ ನೋಡಲು ಶುರು ಮಾಡುತ್ತೇವೆ. ಇದು ಸುಮ್ನೆ ಸುತ್ತುದಾರಿ. ನಯವಾದ ಮಾತಿನ ವಿಷಯದಲ್ಲಿ ಜಪಾನೀಸ್ ಮತ್ತು ಕನ್ನಡ ಎಷ್ಟೋ ಕಡೆ ಒಂದೇ ರೀತಿ ಯೋಚಿಸುತ್ತವೆ. ಎಲ್ಲ ಕಡೆಯೂ ಅಲ್ಲ. ಒಂದು ದೊಡ್ಡ ವಿಷಯದಲ್ಲಿ ಕನ್ನಡವೇ ನಮ್ಮನ್ನು ದಾರಿ ತಪ್ಪಿಸುತ್ತದೆ, ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಒಂದು ಮಾತು. ಬರೆಯುವಾಗ "ದೆಸು", "ಮಾಸು" ಅಂತಿದ್ದರೂ ಆ ಕೊನೆಯ ಉಕಾರ ಸಾಮಾನ್ಯವಾಗಿ ಕೇಳಿಸುವುದಿಲ್ಲ, ಅದಕ್ಕೇ ಇಲ್ಲಿ "ದೆಸ್", "ಮಾಸ್" ಅಂತ ಬರೆದಿದ್ದೇನೆ.

ಮನೆಯಿಂದ ಹೊರಡುವಾಗ ನಾವು "ಹೋಗ್ತೀನಿ" ಅನ್ನುವುದಿಲ್ಲ, "ಹೋಗ್ಬರ್ತೀನಿ" ಅಂತೀವಿ. ಒಳಗಿಂದ "ಹೋಗ್ಬಾ" ಅಂತಾರೆ. ಜಪಾನಿನ ಮನೆಯಲ್ಲಿ ಹೊರಡುವವರು ಹೇಳುವ "ಇತ್ತೆ ಕಿಮಾಸ್" ಅನ್ನು ಬಿಡಿಸಿದರೆ ಹೋಗಿ ಬರ್ತೀನಿ. ಒಳಗಿರುವವರು ಹೇಳುವ "ಇತ್ತೆರಾಶ್ಶಾಯ್" ಅಂದರೆ ಹೋಗಿ ಬನ್ನಿ. ಇದನ್ನು ಇಂಗ್ಲಿಷಿನಲ್ಲಿ ವಿವರಿಸಲು ಅರ್ಧ ಪುಟ ಬೇಕು, ಕನ್ನಡದವರಿಗೆ ಒಂದೇ ಸಾಲು ಸಾಕು. ಹಾಗೇ "ತಿಂದು ನೋಡಿ" ಅನ್ನುವುದು "ತಾಬೆತೆ ಮಿತೆ ಕುದಾಸಾಯ್". ಇಲ್ಲಿ "ಮಿತೆ" ನಮ್ಮ "ನೋಡಿ"ಯೇ. "ಮರೆತುಬಿಟ್ಟೆ" ಅಂದಾಗ ಆ "ಬಿಟ್ಟೆ"ಯಲ್ಲಿ ಇರುವ ಛೇ ಹೀಗಾಯ್ತಲ್ಲ ಅನ್ನುವ ಭಾವ "ವಾಸುರೆತೆ ಶಿಮಾಯ್ಮಾಶಿತಾ"ದಲ್ಲೂ ಇದೆ. "ಓದಿಟ್ಟಿರ್ತೀನಿ" ಅನ್ನುವುದು "ಯೊಂದೆ ಒಕಿಮಾಸ್". ಮಾತಿನ ಕೊನೆಗೆ ನಾವು ಸೇರಿಸುವ "ಅಲ್ವಾ" ಜಪಾನೀಸರ "ನೆ". "ಅತ್ಸುಯ್ ದೆಸ್ ನೆ" ಅಂದರೆ ಸೆಕೆ ಅಲ್ವಾ. ಅದಕ್ಕೆ ಉತ್ತರ "ಸೋ ದೆಸ್ ನೆ", ಹೌದಲ್ವಾ. ಈ "ನೆ" ಇಲ್ಲದೆ ಬರೀ "ಅತ್ಸುಯ್ ದೆಸ್" ಅಂತ ಪಕ್ಕದ ಮನೆಯವರಿಗೆ ಹೇಳಿದರೆ ಹವಾಮಾನ ವರದಿ ಓದಿದಂತಾಗುತ್ತದೆ, ಮಾತು ಮುಂದುವರಿಯುವುದಿಲ್ಲ.

ಏನಾದರೂ ಕೇಳಿಕೊಳ್ಳುವಾಗ ಈ ಹೋಲಿಕೆ ಇನ್ನೂ ಜಾಸ್ತಿ ಕೆಲಸಕ್ಕೆ ಬರುತ್ತದೆ. ಜಪಾನೀಸಲ್ಲಿ ನಯದ ಬಹುಪಾಲು ಇರುವುದು ಕೊಡುವ, ಪಡೆಯುವ ಕ್ರಿಯಾಪದಗಳಲ್ಲಿ. ಕನ್ನಡದಲ್ಲಿ "ಬರೆಯಿರಿ" ಬೇರೆ, "ಬರೆದುಕೊಡಿ" ಬೇರೆ, "ಬರೆದುಕೊಡ್ತೀರಾ" ಇನ್ನೂ ಬೇರೆ ಅಲ್ವಾ? ಜಪಾನೀಸಲ್ಲಿ "ಕಾಯ್ತೆ ಕುದಾಸಾಯ್" ಅಂದರೆ ಬರೆದುಕೊಡಿ. ಪುಸ್ತಕಗಳು ಇದನ್ನು ಪ್ಲೀಸ್ ಅಂತ ಕಲಿಸುತ್ತವೆ, ಹಾಗಾಗಿ ಎಲ್ಲಿ ಬೇಕಾದರೂ ನಡೆಯುತ್ತದೆ ಅಂತ ನಂಬಿಬಿಡುತ್ತೇವೆ. ಆದರೆ ಅದು ಮರ್ಯಾದೆ ಬೆರೆಸಿದ ಆಜ್ಞೆಯೇ. ಡಾಕ್ಟರು ರೋಗಿಗೆ, ಮೇಷ್ಟ್ರು ಮಕ್ಕಳಿಗೆ ಹೇಳಬಹುದು. ನೀವು ಅಂಗಡಿಯಲ್ಲಿ "ಕೋರೆ ಒ ಕುದಾಸಾಯ್", ಇದು ಕೊಡಿ ಅಂತ ಧಾರಾಳವಾಗಿ ಹೇಳಬಹುದು. ಆದರೆ ನಿಮ್ಮ ಮೇಷ್ಟ್ರಿಗೆ "ನನ್ನ ಪ್ರಬಂಧ ನೋಡಿಕೊಡಿ" ಅನ್ನಲು "ಮಿತೆ ಕುದಾಸಾಯ್" ಸಾಲದು. ಅಲ್ಲಿ "ಮಿತೆ ಮೊರಾಎಮಾಸ್ ಕಾ", ಇನ್ನೂ ನಯವಾಗಿ "ಮಿತೆ ಇತಾದಾಕೆಮಾಸ್ ಕಾ" ಬೇಕು. ಇದರ ಒಳಗಿರುವುದು "ನೀವು ನೋಡುವ ಉಪಕಾರ ನನಗೆ ಸಿಗಬಹುದಾ" ಅನ್ನುವ ಅರ್ಥ. ಕೊಡಿ ಅಂತ ಅವರನ್ನು ತಳ್ಳುವುದಿಲ್ಲ, ನನಗೆ ಸಿಗುತ್ತದಾ ಅಂತ ಕೇಳುತ್ತದೆ.

ಇಲ್ಲೊಂದು ಎಚ್ಚರಿಕೆ. ಜಪಾನೀಸಲ್ಲಿ ಅದೇ ಪ್ರಶ್ನೆಯನ್ನು ನಿಷೇಧ ರೂಪದಲ್ಲಿ "ಇತಾದಾಕೆಮಾಸೆನ್ ಕಾ" ಅಂತ ಕೇಳಿದರೆ ನಯ ಇನ್ನೊಂದು ಮೆಟ್ಟಿಲು ಏರುತ್ತದೆ. ಕನ್ನಡದಲ್ಲಿ "ನೋಡಿಕೊಡಲ್ವಾ?" ಅಂದರೆ ದೂರಿದ ಹಾಗೆ. ಹಾಗಾಗಿ ನಮ್ಮವರು ಆ ರೂಪ ಬಳಸಲು ಹಿಂದೇಟು ಹಾಕುತ್ತಾರೆ. ಹಾಕಬೇಡಿ, ಅಲ್ಲಿ ಅದು ತುಂಬ ಮೃದು.

"ಸ್ವಲ್ಪ" ಅನ್ನುವ ನಮ್ಮ ಪದವನ್ನು ಗಮನಿಸಿ. "ಸ್ವಲ್ಪ ಪೆನ್ ಕೊಡಿ" ಅಂದಾಗ ಯಾರೂ ಅರ್ಧ ಪೆನ್ ಕೊಡುವುದಿಲ್ಲ. ಜಪಾನೀಸರ "ಚೊತ್ತೊ" ಅದೇ ಕೆಲಸ ಮಾಡುತ್ತದೆ. ಬೇಡ ಅನ್ನುವಾಗಲಂತೂ ಅದಿಲ್ಲದೆ ಆಗುವುದೇ ಇಲ್ಲ. ಭಾನುವಾರ ಬರ್ತೀರಾ ಅಂತ ಕರೆದರೆ "ನಿಚಿಯೋಬಿ ವಾ ಚೊತ್ತೊ..." ಅಂತ ಅರ್ಧಕ್ಕೇ ನಿಲ್ಲಿಸುತ್ತಾರೆ. ಭಾನುವಾರ ಸ್ವಲ್ಪ ಅಂತ ನಾವೂ ಎಳೆಯುತ್ತೇವಲ್ಲ, ಹಾಗೇ. ನಮ್ಮ "ನೋಡೋಣ" ಅಲ್ಲಿ "ಕಾಂಗಾಎತೆ ಒಕಿಮಾಸ್", ಯೋಚಿಸಿಟ್ಟಿರ್ತೀನಿ. ಎರಡೂ ಹೆಚ್ಚಿನ ಸಲ ಇಲ್ಲ ಅಂತಲೇ ಅರ್ಥ. ವ್ಯತ್ಯಾಸ ಇರುವುದು ಆಮೇಲೆ. ನಮ್ಮಲ್ಲಿ ಕರೆದವರು ಬಿಡುವುದಿಲ್ಲ, "ಅದೆಲ್ಲ ಆಗಲ್ಲ, ಬರಲೇಬೇಕು" ಅಂತ ಒತ್ತಾಯ ಮಾಡುವುದೇ ಪ್ರೀತಿ. ಜಪಾನಿನಲ್ಲಿ "ಚೊತ್ತೊ" ಕೇಳಿದ ಕೂಡಲೇ "ಜಾ, ಮಾತಾ ಕೊಂದೊ", ಸರಿ ಇನ್ನೊಮ್ಮೆ ಅಂತ ಬಿಡುವುದೇ ಪ್ರೀತಿ. ಒತ್ತಾಯ ಮಾಡಿದರೆ ಅವರು ಸುಳ್ಳು ಕಾರಣ ಹುಡುಕಬೇಕಾಗುತ್ತದೆ.

ಈಗ ಒಂದು ಕೊನ್ಬಿನಿಗೆ ಹೋಗೋಣ, ಅಂದರೆ ಜಪಾನಿನ ಬೀದಿ ಬೀದಿಯಲ್ಲಿರುವ, ಹೆಚ್ಚಾಗಿ ರಾತ್ರಿಯಿಡೀ ತೆರೆದಿರುವ ಸಣ್ಣ ಅಂಗಡಿಗೆ. ಊಟದ ಡಬ್ಬಿ ಒಂದನ್ನು ಕೌಂಟರ್ ಮೇಲಿಟ್ಟಿದ್ದೀರಿ. "ಅತಾತಾಮೆಮಾಸ್ ಕಾ" ಅಂತಾರೆ, ಬಿಸಿ ಮಾಡಲಾ. ಬೇಕಿದ್ದರೆ "ಒನೆಗಾಯ್ ಶಿಮಾಸ್", ದಯವಿಟ್ಟು ಮಾಡಿ. "ಫುಕುರೊ ವಾ ಗೊರಿಯೋ ದೆಸ್ ಕಾ", ಚೀಲ ಬೇಕಾ. 2020ರ ಜುಲೈ 1ರಿಂದ ಜಪಾನಿನಲ್ಲಿ ಪ್ಲಾಸ್ಟಿಕ್ ಚೀಲಕ್ಕೆ ದುಡ್ಡು ತಗೊಳ್ಳುವುದು ಕಡ್ಡಾಯವಾದ್ದರಿಂದ ಈ ಪ್ರಶ್ನೆ ತಪ್ಪುವುದಿಲ್ಲ. ಬೇಡ ಅನ್ನಲು ಪುಸ್ತಕದಲ್ಲಿ ಕಲಿತ "ಇರಿಮಾಸೆನ್" ಸರಿಯೇ, ಆದರೆ "ಬೇಕಾಗಿಲ್ಲ" ಅಂದಷ್ಟು ಒಣ. ಜನ ಹೇಳುವುದು "ದಾಯ್ಜೋಬು ದೆಸ್", ನಮ್ಮ "ಪರವಾಗಿಲ್ಲ". ಕಾಫಿ ಬೇಕಾ ಅಂದರೆ ನಾವು ಪರವಾಗಿಲ್ಲ ಅಂತ ಕೈ ಆಡಿಸುತ್ತೇವಲ್ಲ, ಅದೇ ಧಾಟಿ. ಈ ಮಾತು ಬೇಕು ಅಂತಲೋ ಬೇಡ ಅಂತಲೋ ಅನುಮಾನ ಬರುವ ಸಂದರ್ಭಗಳೂ ಇವೆ, ಆಗ ಕೈ ಸ್ವಲ್ಪ ಆಡಿಸಿದರೆ ಆಯಿತು. ಆಮೇಲೆ "ಒಹಾಶಿ ಒತ್ಸುಕಾಯ್ ನಿ ನಾರಿಮಾಸ್ ಕಾ", ಊಟದ ಕಡ್ಡಿ ಬೇಕಾ. ಉತ್ತರ ಮತ್ತೆ ಆ ಎರಡರಲ್ಲಿ ಒಂದು. ನೋಡಿ, ಎಷ್ಟು ಪ್ರಶ್ನೆ ಬಂದರೂ ಎರಡೇ ಮಾತಿನಲ್ಲಿ ಮುಗಿಯಿತು. ಹೊರಡುವಾಗ "ಅರಿಗಾತೋ ಗೊಜಾಯ್ಮಾಸ್" ಅನ್ನಬಹುದು, ತಲೆ ಬಾಗಿಸಿದರೂ ಸಾಕು.

ಈ ಅಂಗಡಿಯಲ್ಲಿ ಕಲಿಯಬೇಕಾದ್ದು ಇನ್ನೂ ಒಂದಿದೆ. ಅಂಗಡಿಯವರು ಆಡಿದ ಮಾತನ್ನು ಗಿರಾಕಿ ವಾಪಸ್ ಆಡಬಾರದು. "ಕಾಶಿಕೊಮಾರಿಮಾಶಿತಾ", ಅಪ್ಪಣೆ ಅನ್ನುವಂಥ ಮಾತು ಕೇಳಲು ಚೆನ್ನಾಗಿದೆ ಅಂತ ನೀವು ಅವರಿಗೇ ಹೇಳಿದರೆ ವಿಚಿತ್ರವಾಗುತ್ತದೆ. ಅದು ಸೇವೆ ಮಾಡುವವರ ಮಾತು. ಹಾಗೆಯೇ ಅರೆಕಾಲಿಕ ಕೆಲಸದ ಹುಡುಗ ಹುಡುಗಿಯರು ಹೇಳುವ "ಇಚಿಮಾನ್ ಎನ್ ಕಾರಾ" (ಹತ್ತು ಸಾವಿರ ಯೆನ್‌ನಿಂದ) ಅಥವಾ "ಯೊರೊಶಿಕಾತ್ತಾ ದೆಶೋ ಕಾ" (ಸರಿಯಾಗಿತ್ತಾ) ಎಲ್ಲ ಕಡೆ ಕೇಳಿಸುತ್ತವೆ, ಆದರೆ ಎಷ್ಟೋ ಹಿರಿಯ ಜಪಾನೀಸರಿಗೆ ಅವು ಸರಿಬೀಳುವುದಿಲ್ಲ. ಅದಕ್ಕೇ ಹೊಸ ಮಾತು ಬರೆದುಕೊಳ್ಳುವಾಗ ಅರ್ಥದ ಜೊತೆಗೆ ಯಾರು ಯಾರಿಗೆ ಎಲ್ಲಿ ಹೇಳಿದರು ಅಂತಲೂ ಬರೆದಿಟ್ಟುಕೊಳ್ಳಬೇಕು. ನನ್ನ ಪ್ರಕಾರ ಅರ್ಥಕ್ಕಿಂತ ಅದೇ ಮುಖ್ಯ.

"ಸುಮಿಮಾಸೆನ್" ಅನ್ನು ಕ್ಷಮಿಸಿ ಅಂತ ಕಲಿಸುತ್ತಾರೆ. ಹೋಟೆಲಿನಲ್ಲಿ ಸಪ್ಲೈಯರನ್ನು ಕರೆಯುವುದಕ್ಕೂ ಅದೇ, ರೈಲಿನಲ್ಲಿ ದಾರಿ ಬಿಡಿ ಅನ್ನುವುದಕ್ಕೂ ಅದೇ. ಬಿದ್ದ ಛತ್ರಿಯನ್ನು ಯಾರಾದರೂ ಎತ್ತಿಕೊಟ್ಟರೂ ಅದೇ. ಕೊನೆಯದು ವಿಚಿತ್ರ ಅನ್ನಿಸಿದರೆ ನಮ್ಮ ಅಜ್ಜಿಯರನ್ನು ನೆನಪಿಸಿಕೊಳ್ಳಿ. ಅವರು ಧನ್ಯವಾದ ಅನ್ನುತ್ತಿರಲಿಲ್ಲ, "ಅಯ್ಯೋ, ನಿಮಗೆ ತೊಂದ್ರೆ ಕೊಟ್ಟೆ" ಅನ್ನುತ್ತಿದ್ದರು. ಆದರೆ ನಮಗೆ ಅಭ್ಯಾಸವಿಲ್ಲದ ಒಂದು ರೂಢಿ ಇದೆ. ಯಾರಾದರೂ ಊಟ ಕೊಡಿಸಿದರೆ ಅಂದೇ "ಗೊಚಿಸೋಸಾಮಾ ದೆಶಿತಾ" ಹೇಳಿದರೆ ಮುಗಿಯಲಿಲ್ಲ. ಮಾರನೇ ದಿನ ಸಿಕ್ಕಾಗ "ಕಿನೋ ವಾ ಅರಿಗಾತೋ ಗೊಜಾಯ್ಮಾಶಿತಾ", ನಿನ್ನೆಯದಕ್ಕೆ ಅಂತ ಮತ್ತೆ ಹೇಳುತ್ತಾರೆ. ನಮ್ಮ ಲೆಕ್ಕದಲ್ಲಿ ಹತ್ತಿರದವರಿಗೆ ಥ್ಯಾಂಕ್ಸ್ ಹೇಳುವುದೇ ದೂರ ಮಾಡಿದ ಹಾಗೆ. ಇಲ್ಲಿ ಮಾತ್ರ ನಮ್ಮ ಅಭ್ಯಾಸ ಪಕ್ಕಕ್ಕಿಡಬೇಕು.

ದಿನದ ಕುಶಲೋಪರಿಯ ಬಗ್ಗೆ ಬೇಗ ಹೇಳಿಬಿಡುತ್ತೇನೆ. "ಒಗೆಂಕಿ ದೆಸ್ ಕಾ", ಚೆನ್ನಾಗಿದ್ದೀರಾ ಅನ್ನುವುದು ದಿನಾ ಸಿಗುವವರಿಗೆ ಅಲ್ಲ, ತುಂಬ ದಿನದ ಮೇಲೆ ಸಿಕ್ಕವರಿಗೆ. ನಮ್ಮ "ಊಟ ಆಯ್ತಾ" ಅನ್ನು ಹಾಗೇ ಜಪಾನೀಸಿಗೆ ತಂದರೆ ಊಟಕ್ಕೆ ಕರೀತಿದ್ದಾರೇನೋ ಅಂದುಕೊಳ್ಳಬಹುದು. ಅದರ ಜಾಗದಲ್ಲಿ ಮಳೆ, ಚಳಿ, ಸೆಕೆಯ ಮಾತು. ಆದರೆ ಬೀದಿಯಲ್ಲಿ ಸಿಕ್ಕ ಪರಿಚಯದವರು "ಒದೆಕಾಕೆ ದೆಸ್ ಕಾ", ಹೊರಗೆ ಹೊರಟ್ರಾ ಅಂತ ಕೇಳಿದರೆ "ಚೊತ್ತೊ ಸೊಕೊ ಮಾದೆ" ಅನ್ನಿ. ಇಲ್ಲೇ ಸ್ವಲ್ಪ ಅಂತ. ಅವರಿಗೂ ಅಷ್ಟೇ ಬೇಕಿರುವುದು. "ಸಯೋನಾರಾ"ವನ್ನು ಶಾಲೆಯ ಮಕ್ಕಳು ಮೇಷ್ಟ್ರಿಗೆ ಹೇಳುತ್ತಾರೆ, ಆಫೀಸಿನಲ್ಲಿ ಹೇಳುವುದಿಲ್ಲ. ಅಲ್ಲಿ ಹೊರಡುವವರು "ಒಸಾಕಿ ನಿ ಶಿತ್ಸುರೇ ಶಿಮಾಸ್", ನಿಮಗಿಂತ ಮುಂಚೆ ಹೊರಡ್ತಿದ್ದೀನಿ ಅಂತಾರೆ. ಉಳಿದವರು "ಒತ್ಸುಕಾರೆಸಾಮಾ ದೆಶಿತಾ", ದಣಿದಿದ್ದೀರಿ ಅಂತಾರೆ. ಹೆಚ್ಚುಕಡಿಮೆ ಅದೇ ಅರ್ಥದ "ಗೊಕುರೋಸಾಮಾ" ಮೇಲಿನವರು ಕೆಳಗಿನವರಿಗೆ ಹೇಳುವ ಮಾತು, ಬಾಸ್‌ಗೆ ಹೇಳಬೇಡಿ.

"ನೀವು" ಅನ್ನಲು "ಅನಾತಾ" ಅಂತ ಕಲಿತಿರುತ್ತೀರಿ. ಅದನ್ನು ಮರೆತರೂ ನಷ್ಟವಿಲ್ಲ. ಎದುರಿಗೇ ಇರುವ ತಾನಾಕಾ ಅವರನ್ನು "ತಾನಾಕಾ ಸಾನ್ ವಾ ಇಕಿಮಾಸ್ ಕಾ", ತಾನಾಕಾ ಅವರು ಹೋಗ್ತಾರಾ ಅನ್ನುವಂತೆ ಕೇಳಬೇಕು. ಮೇಷ್ಟ್ರಾದರೆ "ಸೆನ್ಸೇ". "ಸರ್ ಏನ್ ತಗೋತಾರೆ?" ಅಂತ ಸರ್ ಎದುರಿಗೇ ಕೇಳುವುದು ನಮಗೆ ಹೊಸದಲ್ಲ. ನಿಮ್ಮ ಹೆಸರಿಗೆ ನೀವೇ "ಸಾನ್" ಹಚ್ಚಿಕೊಳ್ಳಬೇಡಿ. ಇನ್ನು ಅಪರಿಚಿತರನ್ನು ಅಕ್ಕ, ಅಣ್ಣ, ಆಂಟಿ ಅನ್ನುವ ನಮ್ಮ ಅಭ್ಯಾಸ ಅಲ್ಲಿ ಬೇಡ. ಗೊತ್ತಿಲ್ಲದ ಹೆಂಗಸನ್ನು "ಒಬಾಸಾನ್" ಅಂದರೆ ವಯಸ್ಸಾಯ್ತು ಅಂದ ಹಾಗೆ. ಸುಮಿಮಾಸೆನ್ ಅನ್ನಿ, ಸಾಕು.

ಕನ್ನಡ ದಾರಿ ತಪ್ಪಿಸುವ ಜಾಗಕ್ಕೆ ಈಗ ಬಂದೆವು. ಜಪಾನೀಸ್ ಮರ್ಯಾದೆಯ ಮಾತಿಗೆ "ಕೇಗೊ" ಅನ್ನುತ್ತಾರೆ. ಶಾಲೆಯಲ್ಲಿ ಮೂರು ಬಗೆ ಅಂತ ಹೇಳಿಕೊಡುತ್ತಿದ್ದರು. ಎದುರಿನವರನ್ನು ಮೇಲೆತ್ತುವುದು, ನಮ್ಮನ್ನು ತಗ್ಗಿಸಿಕೊಳ್ಳುವುದು, ಮತ್ತೆ ದೆಸ್ ಮಾಸ್‌ನ ಸಾಮಾನ್ಯ ನಯ. 2007ರಲ್ಲಿ ಜಪಾನ್ ಸರ್ಕಾರದ ಸಂಸ್ಕೃತಿ ಸಮಿತಿ ಕೊಟ್ಟ ಮಾರ್ಗಸೂಚಿಯಲ್ಲಿ ಇದು ಐದು ಬಗೆಯಾಯಿತು. ಕಲಿಯುವವರಿಗೆ ಎಣಿಕೆ ಅಷ್ಟು ಮುಖ್ಯವಲ್ಲ, ತಗ್ಗಿಸಿಕೊಳ್ಳುವ ಕ್ರಿಯಾಪದಗಳೇ ಬೇರೆ ಇವೆ ಅನ್ನುವುದು ಮುಖ್ಯ. ಬರುವುದಕ್ಕೆ "ಕಿಮಾಸ್" ಸಾಮಾನ್ಯ ಪದ. ನೀವು ಬರುವುದಾದರೆ "ಇರಾಶ್ಶಾಯ್ಮಾಸ್", ನಾನು ಬರುವುದಾದರೆ "ಮಾಯ್ರಿಮಾಸ್". ನಾನು, ನೀವು ಅಂತ ಬಿಡಿಸಿ ಹೇಳದಿದ್ದರೂ ಯಾರು ಬರುತ್ತಾರೆ ಅಂತ ಕ್ರಿಯಾಪದವೇ ಹೇಳಿಬಿಡುತ್ತದೆ. ನಮ್ಮಲ್ಲೂ "ನಮ್ಮ ಬಡವರ ಮನೆಗೆ ಬನ್ನಿ" ಅಂತ ತಗ್ಗಿಸಿಕೊಳ್ಳುವುದಿದೆ, ಆದರೆ ಕ್ರಿಯಾಪದ ಬದಲಾಗುವುದಿಲ್ಲ.

ಕಷ್ಟ ಇರುವುದು ಯಾರನ್ನು ಎತ್ತಬೇಕು, ಯಾರನ್ನು ತಗ್ಗಿಸಬೇಕು ಅನ್ನುವುದರಲ್ಲಿ. ಕನ್ನಡದಲ್ಲಿ ಮರ್ಯಾದೆ ಆ ವ್ಯಕ್ತಿಗೆ ಅಂಟಿಕೊಂಡಿರುತ್ತದೆ. ನಮ್ಮ ತಂದೆಯ ಬಗ್ಗೆ ಯಾರ ಹತ್ತಿರ ಮಾತಾಡಿದರೂ "ನಮ್ಮ ತಂದೆಯವರು ಊರಿಗೆ ಹೋಗಿದ್ದಾರೆ" ಅಂತಲೇ. ಜಪಾನೀಸಲ್ಲಿ ಮರ್ಯಾದೆ ನೀವು ಯಾರ ಎದುರು ಮಾತಾಡುತ್ತಿದ್ದೀರಿ ಅನ್ನುವುದಕ್ಕೆ ತಕ್ಕಂತೆ ಬದಲಾಗುತ್ತದೆ. "ಉಚಿ" ಅಂದರೆ ಒಳಗಿನವರು, "ಸೊತೊ" ಅಂದರೆ ಹೊರಗಿನವರು. ಹೊರಗಿನವರ ಎದುರು ಒಳಗಿನವರನ್ನೆಲ್ಲ ನಿಮ್ಮ ಜೊತೆಗೇ ತಗ್ಗಿಸಬೇಕು. ಮನೆಯಲ್ಲಿ "ಒತೋಸಾನ್" ಅನ್ನಿಸಿಕೊಳ್ಳುವ ಅಪ್ಪ ಹೊರಗಿನವರ ಎದುರು ಬರೀ "ಚಿಚಿ" ಆಗುತ್ತಾರೆ.

ಬಿಡದಿಯ ಟೊಯೋಟಾ, ನರಸಾಪುರದ ಹೋಂಡಾ ತರಹದ ಕಾರ್ಖಾನೆಗಳ ಸುತ್ತ ಕೆಲಸ ಮಾಡುವ, ಅಥವಾ ಟೋಕಿಯೋದಲ್ಲಿ ಐಟಿ ಕೆಲಸಕ್ಕೆ ಸೇರುವ ನಮ್ಮವರಿಗೆ ಇದು ಎದುರಾಗುವುದು ಫೋನಿನಲ್ಲಿ. ತಾನಾಕಾ ನಿಮ್ಮ ಬಾಸ್ ಅಂದುಕೊಳ್ಳಿ, ಡಿಪಾರ್ಟ್‌ಮೆಂಟಿನ ಮುಖ್ಯಸ್ಥರು, ಅಂದರೆ "ಬುಚೋ". ಬೇರೆ ಕಂಪನಿಯಿಂದ ಫೋನ್ ಬಂತು, ತಾನಾಕಾ ಅವರಿದ್ದಾರಾ ಅಂತ. ನೀವು ಹೇಳಬೇಕಾದ್ದು "ತಾನಾಕಾ ವಾ ತಾದಾಯ್ಮಾ ಸೆಕಿ ಒ ಹಾಜುಶಿತೆ ಒರಿಮಾಸ್". ತಾನಾಕಾ ಈಗ ಸೀಟಲ್ಲಿಲ್ಲ ಅಂತ. ಸಾನ್ ಇಲ್ಲ, ಬುಚೋ ಇಲ್ಲ. "ಒರಿಮಾಸ್" ಕೂಡ ತಗ್ಗಿಸುವ ಕ್ರಿಯಾಪದ. ಫೋನ್ ಇಟ್ಟು ಪಕ್ಕದ ಸೀಟಿನವರಿಗೆ ಹೇಳುವಾಗ ಅವರು ಮತ್ತೆ "ತಾನಾಕಾ ಬುಚೋ". ಅರ್ಧ ಗಂಟೆ ಬಿಟ್ಟು ಅವರ ಹೆಂಡತಿ ಫೋನ್ ಮಾಡಿದರೆ? ಆಗ ತಗ್ಗಿಸುವ ಹಾಗಿಲ್ಲ. ಹೆಂಡತಿ ನಿಮಗಿಂತ ಅವರಿಗೆ ಹತ್ತಿರದವರು, ಆದ್ದರಿಂದ ಮತ್ತೆ ಬುಚೋ, ಕ್ರಿಯಾಪದವೂ ಎತ್ತುವಂಥದ್ದೇ. ಒಂದೇ ಮನುಷ್ಯ, ಒಂದೇ ಮಧ್ಯಾಹ್ನ, ಮೂರು ಮಾತು. ಮೇಲಿನವರ ಹೆಸರನ್ನು ಬರಿದಾಗಿ ಹೇಳಲು ಕನ್ನಡಿಗರಿಗೆ ಬಾಯೇ ಬರುವುದಿಲ್ಲ, ನನಗಿದು ಚೆನ್ನಾಗಿ ಅರ್ಥವಾಗುತ್ತದೆ. ಆದರೆ ಹೊರಗಿನವರ ಕಿವಿಗೆ ಅಲ್ಲಿ "ತಾನಾಕಾ ಸಾನ್" ಅನ್ನುವುದು ನಮ್ಮವರನ್ನು ನಾವೇ ಹೊಗಳಿಕೊಂಡಂತೆ ಕೇಳಿಸುತ್ತದೆ.

ಇಷ್ಟೆಲ್ಲ ಓದಿ ಹೆದರಬೇಡಿ. ಕಲಿಯುವ ಮೊದಲ ಒಂದೆರಡು ವರ್ಷ ಎತ್ತುವ, ತಗ್ಗಿಸುವ ಕ್ರಿಯಾಪದಗಳು ಕಿವಿಗೆ ಬಿದ್ದಾಗ ಅರ್ಥವಾದರೆ ಸಾಕು. ಬಾಯಲ್ಲಿ ದೆಸ್, ಮಾಸ್ ಇರಲಿ, ಜೊತೆಗೆ ಒನೆಗಾಯ್ ಶಿಮಾಸ್, ಶಿತ್ಸುರೇ ಶಿಮಾಸ್, ಸುಮಿಮಾಸೆನ್ ತರಹದ ಸಿದ್ಧ ಮಾತುಗಳಿರಲಿ. ಅರ್ಧಂಬರ್ಧ ಕೇಗೊಗಿಂತ ಹಿಡಿತವಿರುವ ದೆಸ್ ಮಾಸ್ ಎಷ್ಟೋ ಮೇಲು. ಎಲ್ಲದಕ್ಕೂ "ಸಾಸೆತೆ ಇತಾದಾಕಿಮಾಸ್" ಹಚ್ಚುವ ಚಟ ಜಪಾನೀಸರಿಗೇ ಇದೆ. ಅದು ಎದುರಿನವರ ಅನುಮತಿ ಪಡೆದು ಮಾಡುವ ಕೆಲಸಕ್ಕೆ, ಅದರಿಂದ ನಮಗೆ ಉಪಕಾರವಾಗುವಾಗ ಹೇಳುವ ಮಾತು ಅಂತ ಆ 2007ರ ಮಾರ್ಗಸೂಚಿಯೇ ಹೇಳುತ್ತದೆ.

ಹಾಗಾದರೆ ಸಹಜವಾದ ಮಾತು ಎಲ್ಲಿ ಸಿಗುತ್ತದೆ? ಅನಿಮೆಯಲ್ಲಿ, ಅಂದರೆ ಜಪಾನಿನ ಕಾರ್ಟೂನ್ ಚಿತ್ರಗಳಲ್ಲಿ ಸಿಗುತ್ತದೆ, ಆದರೆ ಸೋಸಬೇಕು. ಮುದುಕ ಅಂದರೆ ಹೀಗೆ ಮಾತಾಡಬೇಕು, ಶ್ರೀಮಂತರ ಮನೆ ಹುಡುಗಿ ಅಂದರೆ ಹೀಗೆ ಅನ್ನುವ ಕಥೆಯ ಭಾಷೆಗೆ ಭಾಷಾತಜ್ಞ ಕಿನ್ಸುಯಿ ಸತೋಶಿ "ಯಾಕುವರಿಗೊ", ಪಾತ್ರದ ಭಾಷೆ ಅಂತ ಹೆಸರಿಟ್ಟರು. ಆ ಮಾತುಗಳಲ್ಲಿ ಎಷ್ಟೋ ಬೀದಿಯಲ್ಲಿ ಯಾರೂ ಆಡುವುದಿಲ್ಲ. "ಒಮಾಎ", "ಕಿಸಾಮಾ" ಅಂತ ನೀನು ಅನ್ನಲು ಅಲ್ಲಿ ಕೇಳಿದ ಒರಟು ಪದಗಳನ್ನು ಅಪರಿಚಿತರಿಗೆ ಹೇಳಿದರೆ ಜಗಳವೇ. ಆಫೀಸು, ಮನೆ, ಆಸ್ಪತ್ರೆ ತೋರಿಸುವ ಟಿವಿ ನಾಟಕಗಳು ಇದಕ್ಕಿಂತ ಒಳ್ಳೆಯವು. ಜಪಾನ್ ಫೌಂಡೇಶನ್ ಪುಕ್ಕಟೆ ಕೊಡುವ "ಇರೊದೊರಿ" ಪಾಠಗಳು ಸಂದರ್ಭ ಹಿಡಿದೇ ಕಲಿಸುತ್ತವೆ, ಧ್ವನಿಯೂ ಇದೆ, ನಾನು ಮೊದಲು ಹೇಳುವುದು ಅದನ್ನೇ. ಸ್ವಲ್ಪ ಓದಲು ಬಂದ ಮೇಲೆ ಜಪಾನಿನ ರಾಷ್ಟ್ರೀಯ ಭಾಷಾ ಸಂಶೋಧನಾ ಸಂಸ್ಥೆಯ "ಶೋನಾಗೊನ್" ಅನ್ನುವ ಪುಕ್ಕಟೆ ಹುಡುಕಾಟದಲ್ಲಿ ನಿಮ್ಮ ವಾಕ್ಯದ ತುಂಡನ್ನು ಹಾಕಿ ನೋಡಿ. ಸುಮಾರು 10 ಕೋಟಿ ಪದಗಳ ನಿಜವಾದ ಬರಹ ಅದರಲ್ಲಿದೆ. ಒಂದೂ ಸಾಲು ಬರದಿದ್ದರೆ ನೀವೇ ಕಟ್ಟಿದ ಮಾತು ಅಂತ ಅನುಮಾನ ಪಡಬಹುದು. ಜೆಎಲ್‌ಪಿಟಿ ಅನ್ನುವ ಜಪಾನೀಸ್ ಭಾಷಾ ಪರೀಕ್ಷೆ ಪಾಸಾದರೆ ಮಾತು ಬಂತು ಅಂತ ಮಾತ್ರ ಅಂದುಕೊಳ್ಳಬೇಡಿ, ಅದರಲ್ಲಿ ಮಾತಾಡಿಸುವ ಭಾಗವೇ ಇಲ್ಲ.

ಪರಿಚಯದ ಜಪಾನೀಸರನ್ನು ಕೇಳುವುದಾದರೆ "ನಾನು ಹೇಳಿದ್ದು ಸರೀನಾ" ಅಂತ ಕೇಳಬೇಡಿ. ದಾಯ್ಜೋಬು, ಅರ್ಥವಾಗುತ್ತೆ ಅಂತಲೇ ಅಂತಾರೆ, ನಿಮ್ಮ ಮನಸ್ಸು ನೋಯಿಸಲು ಅವರಿಗೆ ಇಷ್ಟವಿರುವುದಿಲ್ಲ. ಸಂದರ್ಭ ವಿವರಿಸಿ. ಮೀಟಿಂಗಿಗೆ ತಡವಾಗಿದೆ, ಒಳಗೆ ಎಲ್ಲರೂ ಕೂತಿದ್ದಾರೆ, ಬಾಗಿಲು ತೆಗೆದೆ ಅನ್ನಿ. ಆಮೇಲೆ "ಕೋಯು ತೊಕಿ, ನಾನ್ತೆ ಈಮಾಸ್ ಕಾ", ಇಂಥ ಹೊತ್ತಲ್ಲಿ ಏನಂತೀರಾ ಅಂತ ಕೇಳಿ. ಅವರು ಒಂದಲ್ಲ ಎರಡು ಮಾತು ಹೇಳುತ್ತಾರೆ. ಯಾವುದು ಬಾಸ್‌ಗೆ, ಯಾವುದು ಜೊತೆಯವರಿಗೆ ಅಂತ ಅಲ್ಲೇ ಕೇಳಿ, ಎರಡನ್ನೂ ಬರೆದುಕೊಳ್ಳಿ.